ವಿಂಚ್‌ನ ಸ್ಟೀಲ್ ಕೇಬಲ್ ತೆಗೆದು ಸಿಂಥೆಟಿಕ್ ಹಗ್ಗ ಹಾಕುವುದು ಹೇಗೆ?

ಸಿಕ್ಕಿಕೊಂಡ ಗಾಡಿಯನ್ನು ಎಳೆದು ತೆಗೆಯಲು ಬಂಪರಿಗೆ ಕೂರಿಸುವ, ಮೋಟಾರಿನಿಂದ ಹಗ್ಗ ಸುತ್ತಿಕೊಳ್ಳುವ ಯಂತ್ರವೇ ವಿಂಚ್. ಮಳೆಗಾಲ ಹತ್ತಿರ ಬಂದರೆ ಸಾಕು, ಅದರ ಬಗ್ಗೆ ಒಂದೇ ಪ್ರಶ್ನೆ ಬೇರೆ ಬೇರೆ ಊರಿನಿಂದ ಬರುತ್ತದೆ. ಖಾನಾಪುರ, ಜಾಂಬೋಟಿ ಕಡೆ ಜೀಪು ಓಡಿಸುವವರು ಕೇಳುತ್ತಾರೆ. ಮುಧೋಳ, ಜಮಖಂಡಿ ಕಡೆ ಕಬ್ಬಿನ ಹೊಲಕ್ಕೆ ಪಿಕಪ್ ಇಳಿಸುವವರು ಕೇಳುತ್ತಾರೆ. "ವಿಂಚಿನ ತಂತಿ ಎಳಿ ಎಳಿ ಬಿಚ್ಚೇತ್ರಿ ಅಣ್ಣಾರ, ಸಿಂಥೆಟಿಕ್ ಹಾಕಿದ್ರ ನಡೀತೈತೇನ್ರಿ?"

ನಡೆಯುತ್ತದೆ. ಚೆನ್ನಾಗಿಯೇ ನಡೆಯುತ್ತದೆ. ಆದರೆ ಹಗ್ಗ ತಂದು ಸುಮ್ನೆ ಸುತ್ತಿಬಿಟ್ಟರೆ ಅದು ಒಂದು ಮಳೆಗಾಲ ಕೂಡ ಬಾಳುವುದಿಲ್ಲ. ಸ್ಟೀಲ್ ಕೇಬಲ್ ಒರಟು ಜಾಗವನ್ನು ತಾನೇ ಉಜ್ಜಿ ಸವೆಸುತ್ತದೆ. ಸಿಂಥೆಟಿಕ್ ಹಗ್ಗವನ್ನು ಒರಟು ಜಾಗ ಸವೆಸುತ್ತದೆ. ಹಾಗಾಗಿ ಇಲ್ಲಿ ಮುಕ್ಕಾಲು ಪಾಲು ಕೆಲಸ ಹಗ್ಗದ್ದಲ್ಲ, ಹಗ್ಗ ತಾಗುವ ಜಾಗಗಳದ್ದು. ಚೂಪು, ಬಿಸಿ, ಮರಳು ಈ ಮೂರೂ ಹಗ್ಗದ ಶತ್ರುಗಳು. ಕೆಳಗೆ ಹೇಳುವ ಪ್ರತಿ ಹಂತವೂ ಇವುಗಳಲ್ಲಿ ಯಾವುದೋ ಒಂದರಿಂದ ಹಗ್ಗವನ್ನು ಕಾಯುವುದಕ್ಕೇ ಇದೆ.

ನಿಮಗೆ ನಿಜವಾಗಲೂ ಬೇಕಾ?

ಮೊದಲು ಇದನ್ನು ಯೋಚಿಸಿ. ಯಾಕೆಂದರೆ ಒಳ್ಳೆಯ ಸಿಂಥೆಟಿಕ್ ಹಗ್ಗಕ್ಕೆ ಸ್ಟೀಲ್ ಕೇಬಲ್‌ಗಿಂತ ಹಲವು ಪಟ್ಟು ಜಾಸ್ತಿ ದುಡ್ಡು ಹೋಗುತ್ತದೆ.

ಲಾಭ ಏನು? ತೂಕ ಮೊದಲನೆಯದು. ಸುಮಾರು 28 ಮೀಟರ್ ಉದ್ದದ 9.5 ಎಂಎಂ ಸ್ಟೀಲ್ ಕೇಬಲ್ 10 ಕೆಜಿ ತೂಗುತ್ತದೆ. ಅಷ್ಟೇ ಉದ್ದದ 10 ಎಂಎಂ ಸಿಂಥೆಟಿಕ್ ಹಗ್ಗ 2 ಕೆಜಿ ದಾಟುವುದಿಲ್ಲ. ಮೊಣಕಾಲುದ್ದ ಕೆಸರಿನಲ್ಲಿ ನಿಂತು ಕೊಕ್ಕೆ ಹಿಡಿದು ಎಳೆದುಕೊಂಡು ಹೋಗುವವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ನೀರಿನಲ್ಲಿ ತೇಲುತ್ತದೆ, ಹಾಗಾಗಿ ಹಳ್ಳದಲ್ಲಿ ಸಿಕ್ಕಿದ ಗಾಡಿಗೆ ಕಟ್ಟುವಾಗ ಹುಡುಕಾಡಬೇಕಿಲ್ಲ. ಅಂಗೈಗೆ ತಂತಿಯ ಮುಳ್ಳು ಚುಚ್ಚುವುದಿಲ್ಲ. ತುಂಡಾದರೆ ಹೊಲದಲ್ಲೇ ಹೆಣೆದು ಮತ್ತೆ ಜೋಡಿಸಬಹುದು. ಇನ್ನೊಂದು ದೊಡ್ಡ ವಿಷಯ, ಎಳೆಯುವಾಗ ಕಡಿದುಹೋದರೆ ಸ್ಟೀಲ್ ಕೇಬಲ್ ಚಾಟಿಯ ಹಾಗೆ ಬೀಸಿ ಹೊಡೆಯುತ್ತದೆ. ಹಗುರಾದ ಹಗ್ಗದಲ್ಲಿ ಆ ಬೀಸು ತುಂಬ ಕಡಿಮೆ.

ತುಂಬ ಕಡಿಮೆ ಅಂದೆ, ಇಲ್ಲ ಅನ್ನಲಿಲ್ಲ. ತುದಿಯಲ್ಲಿ ಕಬ್ಬಿಣದ ಕೊಕ್ಕೆ, ಶ್ಯಾಕಲ್ (ಪಿನ್ ಹಾಕುವ ಲೋಹದ ಕೊಂಡಿ) ಇದ್ದೇ ಇರುತ್ತವಲ್ವಾ? ಅವು ಹಾರಿ ಬಂದರೆ ಕಲ್ಲು ಎಸೆದ ಹಾಗೆಯೇ. "ಸಿಂಥೆಟಿಕ್ ಹಾಕಿದ್ದೇವೆ, ಏನೂ ಆಗಲ್ಲ" ಅಂತ ಹಗ್ಗದ ಪಕ್ಕ ನಿಲ್ಲುವವರನ್ನು ಕಂಡರೆ ನನಗೆ ನಿಜಕ್ಕೂ ಭಯ ಆಗುತ್ತದೆ.

ಯಾರಿಗೆ ಬೇಡ? ಇಳಕಲ್ ಕಡೆ ಗ್ರಾನೈಟ್ ಗಣಿಯಲ್ಲಿ ಕಲ್ಲು ಎಳೆಯುವ ಗಾಡಿಗೆ ಬೇಡ. ಅಲ್ಲಿ ಹಗ್ಗ ಪ್ರತಿ ದಿನ ಕಲ್ಲಿನ ಅಂಚಿಗೆ ಉಜ್ಜುತ್ತದೆ, ಮೇಲೆ ಗಾಜಿನ ಪುಡಿಯಂಥ ಧೂಳು. ಸ್ಟೀಲ್ ಕೇಬಲ್ಲೇ ಸರಿ. ವರ್ಷಕ್ಕೆ ಒಂದು ಸಲ ಮಾತ್ರ ವಿಂಚ್ ಮುಟ್ಟುವವರಾದರೆ, ಈಗಿರುವ ಕೇಬಲ್ ಚೆನ್ನಾಗಿದ್ದರೆ, ಅದನ್ನೇ ಇಟ್ಟುಕೊಳ್ಳಿ. ಮತ್ತೆ, ಗಾಡಿ ವಿಂಚ್ ಅಡ್ಡ ಎಳೆಯುವುದಕ್ಕೆ ಇರುವುದು. ಬಾವಿಗೆ ಮನುಷ್ಯರನ್ನು ಇಳಿಸುವುದು, ತಲೆಯ ಮೇಲೆ ಭಾರ ಎತ್ತುವುದು ಯಾವ ಹಗ್ಗ ಹಾಕಿದರೂ ಮಾಡಬಾರದು.

ಬ್ರೇಕ್ ಎಲ್ಲಿದೆ ನೋಡಿ

ಇದನ್ನು ಬಹಳ ಜನ ಕೇಳುವುದೇ ಇಲ್ಲ. ಎಷ್ಟೋ ಎಲೆಕ್ಟ್ರಿಕ್ ವಿಂಚ್‌ಗಳಲ್ಲಿ ಬ್ರೇಕ್ ಡ್ರಮ್ಮಿನ ಒಳಗೇ ಕೂತಿರುತ್ತದೆ. ಡ್ರಮ್ ಅಂದರೆ ಹಗ್ಗ ಸುತ್ತಿಕೊಳ್ಳುವ ಉರುಳೆ. ಎಳೆಯುವಾಗ ತೊಂದರೆ ಇಲ್ಲ. ಭಾರ ಇಟ್ಟುಕೊಂಡೇ ಮೋಟಾರಿನಿಂದ ಹಗ್ಗ ಹೊರಗೆ ಬಿಟ್ಟಾಗ, ಉದಾಹರಣೆಗೆ ಇಳಿಜಾರಿನಲ್ಲಿ ಗಾಡಿಯನ್ನು ಮೆಲ್ಲಗೆ ಕೆಳಗಿಳಿಸುವಾಗ, ಆ ಬ್ರೇಕ್ ಉಜ್ಜಿ ಉಜ್ಜಿ ಡ್ರಮ್ ಕಾಯುತ್ತದೆ. ಸ್ಟೀಲ್‌ಗೆ ಅದು ಲೆಕ್ಕಕ್ಕಿಲ್ಲ. ಸಿಂಥೆಟಿಕ್ ಹಗ್ಗ ಸುಮಾರು 145 ಡಿಗ್ರಿಗೆ ಕರಗುತ್ತದೆ, 70 ಡಿಗ್ರಿ ದಾಟಿದರೆ ಆಗಲೇ ಬಲ ಕಳೆದುಕೊಳ್ಳುತ್ತಾ ಹೋಗುತ್ತದೆ. ಹಾಗೆ ಕೆಟ್ಟ ಹಗ್ಗವನ್ನು ಬಿಚ್ಚಿ ನೋಡಿದರೆ ಮೇಲಿನ ಪದರ ಹೊಸದರ ಹಾಗೆ ಇರುತ್ತದೆ, ಒಳಗಿನ ಪದರ ಮಾತ್ರ ಆರಿದ ಮೇಣದ ಹಾಗೆ ಹೊಳೆಯುತ್ತಾ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಬಗ್ಗಿಸಿದರೆ ಕಡ್ಡಿ ಮುರಿದ ಹಾಗೆ ಸಪ್ಪಳ ಬರುತ್ತದೆ.

ನಿಮ್ಮ ವಿಂಚಿನ ಕೈಪಿಡಿ ನೋಡಿ, ಇಲ್ಲವೇ ಮಾರಿದವರನ್ನು ಕೇಳಿ. ಬ್ರೇಕ್ ಡ್ರಮ್ಮಿನ ಹೊರಗಿದ್ದರೆ ಒಳ್ಳೆಯದು. ಒಳಗಿದ್ದರೂ ಹಗ್ಗ ಹಾಕಬಹುದು, ಆದರೆ ಒಳಗಿನ ಪದರಕ್ಕೆ ಶಾಖ ತಡೆಯುವ ತೋಳು, ಅಂದರೆ ಹಗ್ಗದ ಮೇಲೆ ತೊಡಿಸಿದ ಕವಚ, ಇರುವ ಹಗ್ಗವನ್ನೇ ಕೊಳ್ಳಿ, ಭಾರದ ಮೇಲೆ ಹೊರಗೆ ಬಿಡುವ ಅಭ್ಯಾಸ ಬಿಡಿ. ಹಗ್ಗ ಬಿಡಿಸಬೇಕಾದರೆ ಭಾರ ಇಲ್ಲದಾಗ ವಿಂಚಿನ ಕ್ಲಚ್ (ಡ್ರಮ್ಮನ್ನು ಮೋಟಾರಿನಿಂದ ಬಿಡಿಸುವ ಹಿಡಿಕೆ) ಬಿಟ್ಟು ಕೈಯಿಂದ ಎಳೆದುಕೊಳ್ಳಿ.

ಏನೇನು ಕೊಳ್ಳಬೇಕು?

ಹಗ್ಗ: ಅಂಗಡಿಯಲ್ಲಿ "ಸಿಂಥೆಟಿಕ್" ಅಂದರೆ ಏನು ಬೇಕಾದರೂ ಕೊಟ್ಟಾರು. ಲಾರಿಗೆ ತಾಡಪಾಲು ಕಟ್ಟುವ ಪ್ಲಾಸ್ಟಿಕ್ ಹಗ್ಗ, ನೈಲಾನ್ ಹಗ್ಗ ಎರಡೂ ಸಿಂಥೆಟಿಕ್ಕೇ. ವಿಂಚಿಗೆ ಎರಡೂ ಬೇಡ. ನೈಲಾನ್ ರಬ್ಬರಿನ ಹಾಗೆ ಹಿಗ್ಗುತ್ತದೆ, ಕಡಿದರೆ ಅಷ್ಟೇ ಜೋರಾಗಿ ವಾಪಸ್ ಬರುತ್ತದೆ. ನಮಗೆ ಬೇಕಾಗಿರುವುದು ಎಚ್‌ಎಂಪಿಇ ಎಂಬ ನಾರು, ಅಂದರೆ ತುಂಬ ಉದ್ದದ ಅಣುಗಳಿರುವ ವಿಶೇಷ ಪಾಲಿಥೀನ್. ಡೈನೀಮಾ, ಸ್ಪೆಕ್ಟ್ರಾ ಅನ್ನುವುದು ಇದೇ ನಾರಿನ ಬ್ರ್ಯಾಂಡ್ ಹೆಸರುಗಳು. 12 ಎಳೆಗಳನ್ನು ಜಡೆಯ ಹಾಗೆ ಹೆಣೆದಿರಬೇಕು, ನಡುವೆ ಟೊಳ್ಳು ಇರಬೇಕು. ಕೈಗೆ ಮೇಣ ಸವರಿದ ಹಾಗೆ ಜಾರುತ್ತದೆ. ಒಂದು ತುಂಡು ನೀರಿಗೆ ಹಾಕಿ ನೋಡಿ. ಮುಳುಗಿದರೆ ಅದು ನೈಲಾನ್ ಅಥವಾ ಪಾಲಿಯೆಸ್ಟರ್. ತೇಲಿದ ಮಾತ್ರಕ್ಕೆ ಅಸಲಿ ಅಂತಲ್ಲ, ತಾಡಪಾಲಿನ ಹಗ್ಗ ಕೂಡ ತೇಲುತ್ತದೆ. ಹಾಗಾಗಿ ನಾರಿನ ಹೆಸರು, ದಪ್ಪ, ಎಷ್ಟು ಭಾರಕ್ಕೆ ಕಡಿಯುತ್ತದೆ ಎಂಬ ಮೂರೂ ಬರೆದಿರುವ ಚೀಟಿ ಕೇಳಿ. ಅದಿಲ್ಲದ ಹಗ್ಗ ಎಷ್ಟೇ ಅಗ್ಗವಾದರೂ ಬೇಡ.

ಬಲದ ಲೆಕ್ಕ ಸುಲಭ. 9500 ಪೌಂಡ್ ವಿಂಚ್ ಅಂದರೆ ಸುಮಾರು 4300 ಕೆಜಿ ಎಳೆತ. 12000 ಪೌಂಡ್ ಅಂದರೆ ಸುಮಾರು 5440 ಕೆಜಿ. ಹಗ್ಗ ಕಡಿಯುವ ಭಾರ ಇದರ ಒಂದೂವರೆ ಪಟ್ಟಿಗಿಂತ ಮೇಲಿರಲಿ. ಸಿಕ್ಕರೆ ಎರಡು ಪಟ್ಟು. ಈ ಗಾತ್ರದ ವಿಂಚುಗಳಿಗೆ ಸಾಮಾನ್ಯವಾಗಿ 10 ಎಂಎಂ ಸಾಕು. ದಪ್ಪ ಇದ್ದಷ್ಟೂ ಗಟ್ಟಿ ಅಂತ 12 ಎಂಎಂ ತಂದು ಅಷ್ಟೇ ಉದ್ದ ಸುತ್ತಲು ಹೋಗಬೇಡಿ. ಡ್ರಮ್ ತುಂಬಿ ಹಗ್ಗ ಮೇಲಿನ ರಾಡುಗಳಿಗೆ ಉಜ್ಜುತ್ತದೆ.

ಫೇರ್‌ಲೀಡ್: ಬಂಪರಿನಲ್ಲಿ ಹಗ್ಗ ಹೊರಬರುವ ಬಾಯಿಗೆ ಕೂರಿಸುವ ಚೌಕಟ್ಟು ಇದು. ಸ್ಟೀಲ್ ಕೇಬಲ್ ಇರುವ ಗಾಡಿಗೆ ನಾಲ್ಕು ಉರುಳೆಗಳ ರೋಲರ್ ಫೇರ್‌ಲೀಡ್ ಇರುತ್ತದೆ. ಸಿಂಥೆಟಿಕ್‌ಗೆ ಬೇಕಾದದ್ದು ಹಾಸ್ ಫೇರ್‌ಲೀಡ್, ಅಂದರೆ ಉರುಳೆ ಇಲ್ಲದ, ತುಟಿ ದುಂಡಗೆ ಮಾಡಿದ ಅಲ್ಯೂಮಿನಿಯಂ ತಟ್ಟೆ. ಬೋಲ್ಟುಗಳ ನಡುವಿನ ಅಂತರ ಹೆಚ್ಚಾಗಿ 254 ಎಂಎಂ ಇರುತ್ತದೆ, ಕೊಳ್ಳುವ ಮೊದಲು ನಿಮ್ಮದನ್ನು ಅಳೆದುಕೊಳ್ಳಿ.

ಉಳಿದದ್ದು ಸಣ್ಣಪುಟ್ಟ: ದಪ್ಪ ಚರ್ಮದ ಕೈಗವಸು, ಫೈಲ್, 120 ಮತ್ತು 240 ನಂಬರಿನ ಎಮೆರಿ ಪೇಪರ್, ಅಲೆನ್ ಕೀ ಸೆಟ್, ಪಾನಾಗಳು, ಗಟ್ಟಿ ಟೇಪು, ಸ್ಪ್ರೇ ಪೇಂಟು, ಒಂದು ಹಿಡಿ ಹತ್ತಿ. ಹತ್ತಿ ಯಾಕೆ ಅಂತ 3ನೇ ಹಂತದಲ್ಲಿ ಹೇಳುತ್ತೇನೆ.

ಈಗ ಕೆಲಸ

1. ಹಳೆಯ ಕೇಬಲ್ ಹೊರಗೆ ತೆಗೆಯಿರಿ

ಗಾಡಿಯನ್ನು ಸಪಾಟು ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಕೈಗವಸು ಹಾಕಿಕೊಳ್ಳಿ. ಹಳೆಯ ಕೇಬಲ್‌ನ ಮುರಿದ ತಂತಿ ಮೀನಿನ ಗಾಳದ ಹಾಗೆ ಚರ್ಮಕ್ಕೆ ಸಿಕ್ಕಿಕೊಳ್ಳುತ್ತದೆ. ಕ್ಲಚ್ ಬಿಟ್ಟು ಕೇಬಲ್ ನೇರವಾಗಿ ಮುಂದಕ್ಕೆ ಎಳೆದುಕೊಂಡು ಹೋಗಿ. ಕೇಬಲ್ ಡ್ರಮ್ಮಿನ ಮೇಲಿನಿಂದ ಬರುತ್ತಿದೆಯಾ, ಕೆಳಗಿನಿಂದ ಬರುತ್ತಿದೆಯಾ ನೋಡಿ, ಫೋನಿನಲ್ಲಿ ಒಂದು ಫೋಟೊ ತೆಗೆದಿಡಿ. ಈ ಫೋಟೊ ಆಮೇಲೆ ಬೇಕಾಗುತ್ತದೆ. ಕೊನೆಯ ಐದಾರು ಸುತ್ತು ಬಂದಾಗ ನಿಧಾನ. ವರ್ಷಗಟ್ಟಲೆ ಸುತ್ತಿಕೊಂಡಿದ್ದ ಕೇಬಲ್ ಸ್ಪ್ರಿಂಗಿನ ಹಾಗೆ ಚಿಮ್ಮುತ್ತದೆ. ಮುಖ ಹತ್ತಿರ ಇಡಬೇಡಿ.

2. ಬ್ಯಾಟರಿ ಕಳಚಿ, ತುದಿ ಬಿಚ್ಚಿ

ಇಲ್ಲಿಂದ ಮುಂದೆ ಡ್ರಮ್ಮಿನ ಹತ್ತಿರ ಕೈ ಹೋಗುತ್ತದೆ. ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ. ರಿಮೋಟ್ ಕಿತ್ತು ಸೀಟಿನ ಮೇಲಿಡಿ. ವೈರ್ ಇಲ್ಲದ ರಿಮೋಟ್ ಆದರೆ ಅದರ ಸೆಲ್ ತೆಗೆಯಿರಿ, ಮಕ್ಕಳು ಆಟಕ್ಕೆ ಗುಂಡಿ ಒತ್ತಿದರೂ ಸಾಕು, ಬೆರಳು ಹೋಗುತ್ತದೆ. ಕೇಬಲ್ ತುದಿಯನ್ನು ಡ್ರಮ್ಮಿಗೆ ಸಣ್ಣ ಅಲೆನ್ ಬೋಲ್ಟಿನಿಂದ ಹಿಡಿಸಿರುತ್ತಾರೆ. ತುಕ್ಕು ಹಿಡಿದಿದ್ದರೆ ತುಕ್ಕು ಬಿಡಿಸುವ ಎಣ್ಣೆ ಹಾಕಿ, ಅರ್ಧ ತಾಸು ಬಿಡಿ. ಅವಸರ ಮಾಡಿ ಅಲೆನ್ ಗುಂಡಿ ಸವೆಸಿಕೊಂಡರೆ ಮುಂದೆ ಡ್ರಿಲ್ ಮಾಡಿಸಬೇಕಾದೀತು.

3. ಡ್ರಮ್ ನುಣುಪು ಮಾಡಿ

ಎಲ್ಲಕ್ಕಿಂತ ಹೆಚ್ಚು ಸಮಯ ಇಲ್ಲಿ ಕೊಡಿ. ಸ್ಟೀಲ್ ಕೇಬಲ್ ಡ್ರಮ್ಮಿನ ಮೇಲೆ ಗೆರೆ ಕೊರೆದಿರುತ್ತದೆ, ಎರಡೂ ಪಕ್ಕದ ಗೋಡೆಗಳಿಗೆ ಉಜ್ಜಿ ಲೋಹದ ಚೂಪು ಎಬ್ಬಿಸಿರುತ್ತದೆ. ಕಣ್ಣಿಗೆ ಕಾಣುವುದೇ ಇಲ್ಲ. ಅದಕ್ಕೇ ಹತ್ತಿ. ಒಂದು ಹಿಡಿ ಹತ್ತಿಯನ್ನು ಡ್ರಮ್ಮಿನ ಮೇಲೆ, ಗೋಡೆಯ ಒಳಮೈ ಮೇಲೆ, ತುದಿ ಕಟ್ಟುವ ತೂತಿನ ಸುತ್ತ ಮೆಲ್ಲಗೆ ಎಳೆಯಿರಿ. ಎಲ್ಲಿ ಒಂದೆರಡು ಎಳೆ ಸಿಕ್ಕಿಕೊಂಡು ಬಿಳಿ ಮೀಸೆಯ ಹಾಗೆ ನಿಲ್ಲುತ್ತದೋ ಅಲ್ಲಿ ಚೂಪಿದೆ. ಸೀಸದ ಕಡ್ಡಿಯಿಂದ ಗುರುತು ಮಾಡಿ.

ದೊಡ್ಡ ಚೂಪಿಗೆ ಫೈಲ್, ಆಮೇಲೆ 120, ಕೊನೆಗೆ 240. ಕ್ಲಚ್ ಬಿಟ್ಟಿದ್ದರೆ ಡ್ರಮ್ ಕೈಯಿಂದಲೇ ತಿರುಗುತ್ತದೆ, ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಎಲ್ಲ ಕಡೆ ಉಜ್ಜಿ. ತೂತಿನ ಅಂಚನ್ನು ಮರೆಯಬೇಡಿ, ಹಗ್ಗ ಅಲ್ಲಿ ಮಡಚಿಕೊಂಡು ಕೂರುತ್ತದೆ. ಮತ್ತೆ ಹತ್ತಿ ಎಳೆದು ನೋಡಿ. ಎಲ್ಲಿಯೂ ಸಿಗದೆ ಜಾರಿ ಹೋಗುವ ತನಕ ಬಿಡಬೇಡಿ. ಉಜ್ಜಿದ ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ನೀರು ಹೊಡೆಯಬೇಡಿ, ಅದು ಬ್ರೇಕಿನ ಕಡೆ ಹೋಗುತ್ತದೆ. ತುಕ್ಕು ಹಿಡಿಯದ ಹಾಗೆ ತೆಳ್ಳಗೆ ಪೇಂಟ್ ಹೊಡೆದು ಒಂದು ರಾತ್ರಿ ಪೂರ್ತಿ ಆರಲು ಬಿಡಿ. ಹಸಿ ಪೇಂಟಿನ ಮೇಲೆ ಹಗ್ಗ ಸುತ್ತಿದರೆ ಅಂಟಿಕೊಳ್ಳುತ್ತದೆ.

4. ರೋಲರ್ ತೆಗೆದು ಹಾಸ್ ಕೂರಿಸಿ

"ರೋಲರ್ ಚೆನ್ನಾಗೇ ಇದೆ, ಇರಲಿ ಬಿಡಿ" ಅನ್ನುವವರು ಜಾಸ್ತಿ. ನಾನೂ ಮೊದಲ ಸಲ ಹಾಗೇ ಬಿಟ್ಟಿದ್ದೆ. ಕಣಕುಂಬಿ ಹತ್ತಿರ ಕೆಂಪು ಮಣ್ಣಿನ ಇಳಿಜಾರಿನಲ್ಲಿ ಅಡ್ಡಡ್ಡ ಎಳೆಯುವಾಗ ಹಗ್ಗ ಎರಡು ರೋಲರಿನ ಮೂಲೆಯ ಸಂದಿಗೆ ಇಳಿಯಿತು. ಹೊಸ ಹಗ್ಗದ ನಾಲ್ಕು ಎಳೆ ಅಲ್ಲೇ ಕತ್ತರಿಸಿ ಹೋಯಿತು. ಸ್ಟೀಲ್ ಕೇಬಲ್ ಓಡಾಡಿದ ರೋಲರ್ ಮೇಲೆ ಗೆರೆ ಇರುತ್ತದೆ, ಮೂಲೆಯಲ್ಲಿ ಸಂದಿ ಇರುತ್ತದೆ. ಎರಡೂ ಹಗ್ಗಕ್ಕೆ ಕತ್ತರಿ.

ಹಾಸ್ ಕೂರಿಸುವಾಗ ಸ್ಪ್ರಿಂಗ್ ವಾಷರ್ ಹಾಕಿ, ಬೋಲ್ಟಿನ ತಲೆ ಹಗ್ಗದ ದಾರಿಗೆ ಬರದ ಹಾಗೆ ನೋಡಿ. ಆಮೇಲೆ ವಿಂಚಿನಿಂದ ಹಾಸ್ ತನಕ ಕೈ ಆಡಿಸಿ. ಬಂಪರಿನ ತಗಡು ಕೊರೆದ ಅಂಚು, ವೆಲ್ಡಿಂಗಿನ ಗುಳ್ಳೆ, ನಂಬರ್ ಪ್ಲೇಟಿನ ಮೂಲೆ, ಯಾವುದಾದರೂ ಹಗ್ಗಕ್ಕೆ ತಾಗಬಹುದಾ? ಹಗ್ಗ ನೇರವಾಗಿ ಮಾತ್ರ ಓಡುವುದಿಲ್ಲ, ಎಡಕ್ಕೆ ಬಲಕ್ಕೆ ಕೆಳಕ್ಕೆ ಎಳೆದಾಗ ಎಲ್ಲಿ ತಾಗುತ್ತದೆ ಅಂತ ನೋಡಬೇಕು. ಗ್ರೈಂಡರ್, ವೆಲ್ಡಿಂಗ್ ಏನೇ ಇದ್ದರೂ ಈಗಲೇ ಮುಗಿಸಿ. ಹಗ್ಗ ಹಾಕಿದ ಮೇಲೆ ಬಂಪರಿಗೆ ವೆಲ್ಡಿಂಗ್ ಬೇಕಾದರೆ ಹಗ್ಗ ಪೂರ್ತಿ ಬಿಚ್ಚಿಟ್ಟೇ ಮಾಡಿಸಿ. ಒಂದು ಕಿಡಿ ಬಿದ್ದರೆ ಸಾಕು, ಅಲ್ಲಿ ಎಳೆಗಳು ಕರಗಿ ಗಂಟಾಗುತ್ತವೆ, ಹೊಗೆ ಕೂಡ ಕಾಣುವುದಿಲ್ಲ.

ಹಾಸ್ ಹಾಕಿದ ಮೇಲೆ ಮತ್ತೆ ಸ್ಟೀಲ್ ಕೇಬಲ್‌ಗೆ ಹೋದರೆ ರೋಲರ್ ವಾಪಸ್ ಹಾಕಬೇಕು. ಸ್ಟೀಲ್ ಅಲ್ಯೂಮಿನಿಯಂ ತುಟಿಯನ್ನು ಕೊರೆದು ಹಾಳು ಮಾಡುತ್ತದೆ.

5. ಹಗ್ಗದ ತುದಿಯನ್ನು ಡ್ರಮ್ಮಿಗೆ ಹಿಡಿಸಿ

ಹಗ್ಗವನ್ನು ಹಾಸ್ ಒಳಗಿನಿಂದ ತೂರಿಸಿಯೇ ಡ್ರಮ್ಮಿಗೆ ತನ್ನಿ. ಇದನ್ನು ಮರೆತು ಪೂರ್ತಿ ಸುತ್ತಿ ಆಮೇಲೆ ಬಿಚ್ಚಿದವರನ್ನು ನೋಡಿದ್ದೇನೆ. ಈಗ 1ನೇ ಹಂತದ ಫೋಟೊ ನೋಡಿ. ಹಳೆಯದು ಕೆಳಗಿನಿಂದ ಬರುತ್ತಿದ್ದರೆ ಹೊಸದೂ ಕೆಳಗಿನಿಂದಲೇ ಬರಬೇಕು. ಹೆಚ್ಚಿನ ವಿಂಚುಗಳು ಹಾಗೇ ಇರುತ್ತವೆ. ಉಲ್ಟಾ ಸುತ್ತಿದರೂ ಗಾಡಿ ಎಳೆಯುತ್ತದೆ, ಗುಂಡಿ ಬಿಟ್ಟಾಗ ಬ್ರೇಕ್ ಹಿಡಿಯುವುದಿಲ್ಲ. ಯಾಕೆಂದರೆ ಆ ಬ್ರೇಕ್ ಒಂದೇ ದಿಕ್ಕಿಗೆ ಕೆಲಸ ಮಾಡುತ್ತದೆ. ಇಳಿಜಾರಿನಲ್ಲಿ ಇದರ ಅರ್ಥ ಏನು ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಹಗ್ಗದ ಜೊತೆ ಬೋಲ್ಟು ಹಾಕುವ ಲಗ್ ಬಂದಿದ್ದರೆ, ಅಂದರೆ ತೂತಿರುವ ಚಪ್ಪಟೆ ತುದಿ, ಅದನ್ನು ಬಿಗಿಯಿರಿ. ಬೋಲ್ಟಿನ ತಲೆ ಮೇಲೆದ್ದು ನಿಲ್ಲಬಾರದು. ಲಗ್ ಇಲ್ಲದಿದ್ದರೆ ಕಂಪನಿ ಹೇಳಿದ ಹಾಗೆ ತೂತಿನಲ್ಲಿ ತೂರಿಸಿ, ಮೇಲೆ ಟೇಪು ಸುತ್ತಿ. ಅಲೆನ್ ಬೋಲ್ಟನ್ನು ಜೋರಾಗಿ ಬಿಗಿದು ನಾರು ಕತ್ತರಿಸಬೇಡಿ.

ಭಾರ ಹಿಡಿಯುವುದು ಈ ಬೋಲ್ಟಲ್ಲ. ಡ್ರಮ್ಮಿನ ಮೇಲಿನ ಸುತ್ತುಗಳ ಹಿಡಿತ. ಸ್ಟೀಲ್‌ಗೆ 5 ಸುತ್ತು ಉಳಿಸಿದರೆ ಸಾಕು ಅನ್ನುತ್ತಾರೆ. ಸಿಂಥೆಟಿಕ್ ಜಾರುವ ಹಗ್ಗ, ಹಾಗಾಗಿ ಕನಿಷ್ಠ 10 ಸುತ್ತು ಡ್ರಮ್ಮಿನ ಮೇಲೆ ಯಾವಾಗಲೂ ಇರಬೇಕು. 10ನೇ ಸುತ್ತು ಹೊರಬರುವ ಜಾಗದಲ್ಲಿ ಹಗ್ಗಕ್ಕೆ ಕೆಂಪು ಬಣ್ಣ ಹಚ್ಚಿ. ಎಳೆಯುವಾಗ ಕೆಂಪು ಹೊರಗೆ ಕಂಡರೆ ನಿಲ್ಲಿಸಬೇಕು ಅಂತ ಗಾಡಿ ಹತ್ತುವ ಎಲ್ಲರಿಗೂ ಹೇಳಿಡಿ.

6. ಮೊದಲ ಪದರ ಕೈಯಿಂದ

ಕ್ಲಚ್ ಬಿಟ್ಟೇ ಡ್ರಮ್ ಕೈಯಿಂದ ತಿರುಗಿಸುತ್ತಾ, ಹಗ್ಗ ಬಿಗಿಯಾಗಿ ಎಳೆದು ಹಿಡಿದು, ಸುತ್ತಿಗೆ ಸುತ್ತು ಒತ್ತಾಗಿ ಕೂರಿಸಿ. ನಡುವೆ ಸಂದಿ ಬೇಡ, ಒಂದರ ಮೇಲೊಂದು ಹತ್ತುವುದೂ ಬೇಡ. ನೂಲಿನ ಉಂಡೆ ಸುತ್ತಿದ ಹಾಗೆ ಅಡ್ಡಾದಿಡ್ಡಿ ಆದರೆ ಬಿಚ್ಚಿ ಮತ್ತೆ ಸುತ್ತಿ. ಮೊದಲ ಪದರ ಸರಿ ಕೂತರೆ ಮೇಲಿನವು ತಾವೇ ಸಾಲು ಹಿಡಿಯುತ್ತವೆ.

7. ಭಾರ ಕೊಟ್ಟು ಸುತ್ತಿ

ಈಗ ಬ್ಯಾಟರಿ ಜೋಡಿಸಿ. ಉಳಿದ ಹಗ್ಗವನ್ನು ಭಾರ ಇಲ್ಲದೆ ಬಡಬಡ ಸುತ್ತಿಬಿಟ್ಟರೆ ಮೊದಲ ದೊಡ್ಡ ಎಳೆತಕ್ಕೇ ಮೇಲಿನ ಸುತ್ತು ಕೆಳಗಿನ ಸಡಿಲ ಪದರಗಳ ಒಳಗೆ ಮುಳುಗಿ ಸಿಕ್ಕಿಕೊಳ್ಳುತ್ತದೆ. ಆಮೇಲೆ ಹಗ್ಗ ಹೊರಗೂ ಬರಲ್ಲ ಒಳಗೂ ಹೋಗಲ್ಲ. ಹಾಗಾಗಿ ಸ್ವಲ್ಪ ಏರು ಇರುವ ಖಾಲಿ ರಸ್ತೆ ಹುಡುಕಿ. ಮೇಲೆ ಒಂದು ಬೇವಿನ ಮರಕ್ಕೆ ಅಗಲ ಪಟ್ಟಾ ಹಾಕಿ, ಅಥವಾ ಇನ್ನೊಂದು ಗಾಡಿ ನಿಲ್ಲಿಸಿ, ಹಗ್ಗ ಅದಕ್ಕೆ ಕಟ್ಟಿ, ನಿಮ್ಮ ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು ವಿಂಚಿನಿಂದಲೇ ಮೇಲೆ ಎಳೆಸಿ. ವಿಜಯಪುರ, ಇಂಡಿ ಕಡೆ ಏರು ಎಲ್ಲಿಂದ ತರುವುದು? ಸಪಾಟು ಜಾಗದಲ್ಲಿ ಒಬ್ಬರು ಒಳಗೆ ಕೂತು ಬ್ರೇಕ್ ಪೆಡಲ್ ಮೇಲೆ ಹಗುರವಾಗಿ ಕಾಲಿಟ್ಟರೆ ಸಾಕು. 200, 300 ಕೆಜಿಯಷ್ಟು ಬಿಗುವು ಇರಲಿ.

ಎರಡು ಮೀಟರ್ ಎಳೆದು ನಿಲ್ಲಿಸಿ, ಸಾಲು ಸರಿ ಇದೆಯಾ ನೋಡಿ, ಮತ್ತೆ ಎಳೆಯಿರಿ. ವಿಂಚ್ ಓಡುತ್ತಿರುವಾಗ ಹಗ್ಗವನ್ನು ಕೈಯಿಂದ ಸಾಲು ಮಾಡಲು ಹೋಗಬೇಡಿ. ನಿಲ್ಲಿಸಿ, ಭಾರ ಇಳಿಸಿ, ಆಮೇಲೆ ಮುಟ್ಟಿ. ಕೊನೆಯ ಒಂದು ಮೀಟರನ್ನು ಗುಂಡಿ ತಟ್ಟಿ ತಟ್ಟಿ ಬಿಡುತ್ತಾ ಒಳಗೆ ತನ್ನಿ. ಕೊಕ್ಕೆ ಹಾಸ್ ಫೇರ್‌ಲೀಡಿಗೆ ಹೋಗಿ ಬಡಿದರೆ ಅಲ್ಯೂಮಿನಿಯಂ ಒಡೆಯುತ್ತದೆ, ಹಗ್ಗದ ಕಣ್ಣು, ಅಂದರೆ ತುದಿಯ ಕುಣಿಕೆ, ಕೂಡ ಹಾಳು.

8. ತುದಿಯ ಕಣ್ಣು, ಕೊಕ್ಕೆ

ಹಗ್ಗದ ಹೊರತುದಿಯ ಕುಣಿಕೆಯೊಳಗೆ ಥಿಂಬಲ್ ಇರಬೇಕು. ಥಿಂಬಲ್ ಅಂದರೆ ಕಣ್ಣಿನಾಕಾರದ ಲೋಹದ ಬಳೆ, ಕೊಕ್ಕೆಯ ಪಿನ್ ನೇರವಾಗಿ ನಾರಿಗೆ ಒತ್ತದ ಹಾಗೆ ಕಾಯುತ್ತದೆ. ಹಳೆಯ ಕೊಕ್ಕೆ ಹಾಕುವುದಾದರೆ ಅದರ ಬಾಯಿಗೂ ಹತ್ತಿ ಪರೀಕ್ಷೆ ಮಾಡಿ. ಹಳೆಯ ರಾಟೆ ಇದ್ದರೆ ಅದಕ್ಕೂ ಮಾಡಿ. ಸ್ಟೀಲ್ ಕೇಬಲ್ ಓಡಿದ ರಾಟೆಯಲ್ಲಿ ಹಗ್ಗ ಕೂರುವ ತೋಡಿನಲ್ಲಿ ಚೂಪು ಇದ್ದೇ ಇರುತ್ತದೆ.

ಹೊಲದಲ್ಲಿ ಎಳೆಯುವಾಗ

ಕಡಿದ ಕಬ್ಬಿನ ಕೂಳೆ ಈಟಿಯ ಹಾಗೆ ನಿಂತಿರುತ್ತದೆ. ಅದರ ಮೇಲೆ ಬಿಗಿದ ಹಗ್ಗ ಉಜ್ಜಿಕೊಂಡು ಬಂದರೆ ಎಳೆ ಎದ್ದೇ ಏಳುತ್ತದೆ. ಹಗ್ಗ ನೆಲಕ್ಕೆ ತಾಗುವ ಕಡೆ ತಾಡಪಾಲು ಅಥವಾ ಗೋಣಿಚೀಲ ಹಾಸಿ. ಬದುವಿನ ಕಲ್ಲಿಗೆ ತಾಗುತ್ತಿದ್ದರೆ ಹಗ್ಗದ ಮೇಲೆ ಜರುಗಿಸುವ ತೋಳನ್ನು ಅಲ್ಲಿಗೆ ತನ್ನಿ. ಹಗ್ಗವನ್ನೇ ಮರಕ್ಕೆ ಸುತ್ತಿ ಅದೇ ಹಗ್ಗಕ್ಕೆ ಕೊಕ್ಕೆ ಹಾಕುವ ಚಟ ಸ್ಟೀಲ್ ಕೇಬಲ್ ಕಾಲದ್ದು, ಆಗಲೂ ತಪ್ಪೇ ಆಗಿತ್ತು. ಮರಕ್ಕೆ ಅಗಲ ಪಟ್ಟಾ, ಬುಡಕ್ಕೆ ಹತ್ತಿರ. ಎರಿ (ಕಪ್ಪು ಮಣ್ಣಿನ) ಹೊಲದ ನಡುವೆ ಮರ ಎಲ್ಲಿ ಸಿಗುತ್ತದೆ ಅಂದರೆ, ಗಟ್ಟಿ ನೆಲದ ಮೇಲೆ ಟ್ರ್ಯಾಕ್ಟರ್ ನಿಲ್ಲಿಸಿ ಅದರ ಚಾಸಿಗೆ ಕಟ್ಟಿ.

ಎರಿ ಮಣ್ಣು ಒದ್ದೆಯಾದಾಗ ಚಕ್ರವನ್ನು ಹೀರಿ ಹಿಡಿದುಕೊಳ್ಳುತ್ತದೆ. ಗಾಡಿಯ ತೂಕ 2 ಟನ್ ಅಂದರೆ ಎಳೆತವೂ 2 ಟನ್ ಅಲ್ಲ, ಅದಕ್ಕಿಂತ ಬಹಳ ಜಾಸ್ತಿ ಬೇಕಾಗಬಹುದು. ಮೊದಲು ಸಲಿಕೆಯಿಂದ ಚಕ್ರದ ಮುಂದೆ ದಾರಿ ಬಿಡಿಸಿ. ವಿಂಚಿನ ಮೇಲೆ ಬರೆದಿರುವ ಎಳೆತ ಮೊದಲ ಪದರದ್ದು ಅನ್ನುವುದೂ ನೆನಪಿರಲಿ. ನಾಲ್ಕನೇ ಪದರದಲ್ಲಿ ಹೆಚ್ಚುಕಮ್ಮಿ ಮೂರರಲ್ಲಿ ಎರಡು ಪಾಲು ಮಾತ್ರ ಸಿಗುತ್ತದೆ. ಅದಕ್ಕೇ ರಾಟೆ ಹಾಕಿ ಹಗ್ಗವನ್ನು ವಾಪಸ್ ನಿಮ್ಮ ಗಾಡಿಗೇ ತಂದು ಕಟ್ಟಿದರೆ ಡಬಲ್ ಲಾಭ: ಹಗ್ಗ ಹೆಚ್ಚು ಹೊರಗೆ ಹೋಗುತ್ತದೆ, ಎಳೆತವೂ ಸುಮಾರು ಎರಡರಷ್ಟಾಗುತ್ತದೆ. ವೇಗ ಮಾತ್ರ ಅರ್ಧ.

ಹಗ್ಗದ ನಡುವೆ ಒದ್ದೆ ಗೋಣಿಚೀಲವನ್ನೋ ಕಂಬಳಿಯನ್ನೋ ಹೊದಿಸಿ, ಕಡಿದರೆ ಅದರ ಭಾರಕ್ಕೆ ಹಗ್ಗ ನೆಲಕ್ಕೆ ಬೀಳುತ್ತದೆ. ನೋಡಲು ಬಂದವರನ್ನು ಹೊರಗೆ ಬಿಟ್ಟ ಹಗ್ಗದ ಒಂದೂವರೆ ಪಟ್ಟು ದೂರ ಕಳಿಸಿ. ಊರಲ್ಲಿ ಗಾಡಿ ಸಿಕ್ಕಿದೆ ಅಂದರೆ 20 ಜನ ಸೇರುತ್ತಾರೆ, ನಾಲ್ಕು ಮಂದಿ ಹಗ್ಗ ದಾಟಿಕೊಂಡು ಓಡಾಡುತ್ತಾರೆ. ಒರಟಾಗಿಯಾದರೂ ಸರಿ, ಗದರಿಸಿ ದೂರ ಕಳಿಸಿ.

ಒಂದು ನಿಮಿಷ ಎಳೆದರೆ ಮೋಟಾರಿಗೆ ವಿಶ್ರಾಂತಿ ಕೊಡಿ. ವಿಂಚ್ ಆಫ್ ಮಾಡಿ, ಭಾರ ಇಳಿಸಿ, ಡ್ರಮ್ಮಿನ ಪಕ್ಕಕ್ಕೆ ಅಂಗೈ ಇಡಿ. ಕೈ ಇಡಲಾಗದಷ್ಟು ಬಿಸಿ ಇದ್ದರೆ ಹಗ್ಗಕ್ಕೂ ಅದು ಜಾಸ್ತಿಯೇ, ಆರುವ ತನಕ ಕಾಯಿರಿ.

ಕಡಿದರೆ ಗಂಟು ಹಾಕಬೇಡಿ

ಈ ಹಗ್ಗದಲ್ಲಿ ಗಂಟು ಹಾಕಿದರೆ ಬಲ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ, ಜಾರಿಯೂ ಹೋಗುತ್ತದೆ. ಹೆಣೆಯುವುದನ್ನು ಕಲಿಯಿರಿ. ಟೊಳ್ಳು ಹೆಣಿಗೆ ಆದ್ದರಿಂದ ತುದಿಯನ್ನು ಹಗ್ಗದ ಹೊಟ್ಟೆಯೊಳಗೇ ತೂರಿಸಬಹುದು. ಹೊರಗಿನ ಹೆಣಿಗೆ ಎಳೆದಷ್ಟೂ ಒಳಗಿನದನ್ನು ಹಿಸುಕಿ ಹಿಡಿಯುತ್ತದೆ, ಅಷ್ಟೇ ಅದರ ಗುಟ್ಟು. ಒಳಗೆ ಹೋಗುವ ಉದ್ದ ಹಗ್ಗದ ದಪ್ಪದ 72 ಪಟ್ಟು ಇರಬೇಕು. 10 ಎಂಎಂಗೆ 720 ಎಂಎಂ, ಅಂದರೆ ಮುಕ್ಕಾಲು ಮೀಟರ್ ಹತ್ತಿರ. ತುದಿಯ ಎಳೆಗಳನ್ನು ಒಂದು ಬಿಟ್ಟು ಒಂದು ಕತ್ತರಿಸಿ ಮೊನೆ ಮಾಡಿ, ಟೇಪು ಸುತ್ತಿ, ಟೊಳ್ಳು ಸೂಜಿಯಿಂದ ಒಳಗೆ ಎಳೆದುಕೊಂಡು, ಟೇಪು ತೆಗೆದು, ಕೆಚ್ಚಲಿನಿಂದ ಹಾಲು ಹಿಂಡುವ ಹಾಗೆ ಹೊರಗಿನ ಹೆಣಿಗೆಯನ್ನು ಕೈಯಿಂದ ಸವರುತ್ತಾ ಸುಕ್ಕು ಬಿಡಿಸಬೇಕು. ಭಾರ ಇಲ್ಲದಾಗ ಜಾರಿ ಹೊರಬರದ ಹಾಗೆ ಬುಡದಲ್ಲಿ ದಾರದ ಹೊಲಿಗೆ ಹಾಕಬೇಕು. ಮನೆಯ ಕಟ್ಟೆ ಮೇಲೆ ಕೂತು ಒಂದು ಉದ್ದ ತುಂಡಿನಲ್ಲಿ ನಾಲ್ಕೈದು ಸಲ ಮಾಡಿ ಕಲಿತುಕೊಳ್ಳಿ. ಕತ್ತಲಲ್ಲಿ, ಮಳೆಯಲ್ಲಿ ಮೊದಲ ಸಲ ಕಲಿಯಲು ಆಗುವುದಿಲ್ಲ.

ತೊಳೆಯುವುದು, ಇಡುವುದು

ಎರಿ ಮಣ್ಣು ಒಣಗಿ ಹೆಣಿಗೆಯ ಒಳಗೆ ಕೂತರೆ, ಹಗ್ಗ ಬಿಗಿದಾಗಲೆಲ್ಲ ಅದರೊಳಗಿನ ಮರಳು ನಾರನ್ನು ಒಳಗಿನಿಂದ ಕೊಯ್ಯುತ್ತದೆ. ಕೆಸರಿನ ಕೆಲಸ ಮುಗಿದ ವಾರದಲ್ಲೇ ಹಗ್ಗ ಪೂರ್ತಿ ಬಿಚ್ಚಿ, ದೊಡ್ಡ ಟಬ್ಬಿನಲ್ಲಿ ನೀರು, ಸ್ವಲ್ಪ ಸೋಪಿನ ಪುಡಿ ಹಾಕಿ ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ಎರಡೂ ಕೈಯಿಂದ ಹಗ್ಗವನ್ನು ಒತ್ತಿ ಹೆಣಿಗೆ ಬಿರಿಯುವ ಹಾಗೆ ಮಾಡಿ ಅಲುಗಾಡಿಸಿ, ಕಪ್ಪು ನೀರು ಮೋಡದ ಹಾಗೆ ಹೊರಬರುತ್ತದೆ. ನೀರು ತಿಳಿಯಾಗುವ ತನಕ ಬದಲಿಸಿ. ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ಗನ್ ಬೇಡ, ಅದು ಮರಳನ್ನು ಇನ್ನೂ ಒಳಗೆ ತಳ್ಳುತ್ತದೆ. ನೆರಳಿನಲ್ಲಿ ಒಣಗಿಸಿ. ಮತ್ತೆ ಸುತ್ತುವಾಗ 7ನೇ ಹಂತದ ಹಾಗೆ ಬಿಗುವು ಕೊಟ್ಟೇ ಸುತ್ತಿ.

ಬಿಸಿಲು ಕೂಡ ಹಗ್ಗವನ್ನು ತಿನ್ನುತ್ತದೆ. ವಿಜಯಪುರದ ಏಪ್ರಿಲ್, ಮೇ ಬಿಸಿಲು 40 ಡಿಗ್ರಿ ದಾಟುತ್ತದೆ, ಗಾಡಿ ದಿನವಿಡೀ ಹೊರಗೇ ನಿಂತಿರುತ್ತದೆ. ವಿಂಚಿಗೆ ಒಂದು ದಪ್ಪ ಬಟ್ಟೆಯ ಹೊದಿಕೆ ಹೊಲಿಸಿ, ದೊಡ್ಡ ಖರ್ಚಲ್ಲ. ಹಗ್ಗ ಬಿಚ್ಚಿ ಮನೆಯಲ್ಲಿ ಇಡುವುದಾದರೆ ಡಬ್ಬಿಯಲ್ಲಿ ಮುಚ್ಚಿಡಿ, ಇಲಿ ಕಡಿಯುತ್ತದೆ.

ಯಾವಾಗ ಬದಲಿಸಬೇಕು? ಮೈಮೇಲೆ ಸಣ್ಣ ನಯವಾದ ಕೂದಲು ಏಳುವುದು ಸಹಜ, ಹೆದರಬೇಡಿ. ಆದರೆ ಒಂದು ಪೂರ್ತಿ ಎಳೆ ಕಡಿದಿದ್ದರೆ, ಹೊಸದರಲ್ಲಿ ಇದ್ದ ದಪ್ಪದಲ್ಲಿ ಕಾಲು ಭಾಗ ಇಳಿದಿದ್ದರೆ, ಎಲ್ಲಾದರೂ ಕರಗಿ ಗಟ್ಟಿಯಾಗಿ ಹೊಳೆಯುತ್ತಿದ್ದರೆ ಆ ಜಾಗ ಕತ್ತರಿಸಿ ಹೆಣೆಯಿರಿ. ಡ್ರಮ್ಮಿನ ಹತ್ತಿರದ ಪದರ ಕರಗಿದ್ದರೆ, ತುದಿ ಅದಲುಬದಲು ಮಾಡಿ ಉಳಿಸಿಕೊಳ್ಳಲು ನೋಡದೆ, ಕರಗಿದ್ದಷ್ಟನ್ನು ಕತ್ತರಿಸಿ ಎಸೆಯಿರಿ. ಉಳಿದದ್ದು 15 ಮೀಟರಿಗಿಂತ ಕಡಿಮೆಯಾದರೆ ಹೊಸದು ತರುವುದೇ ಒಳ್ಳೆಯದು.

ತೆಗೆದ ಸ್ಟೀಲ್ ಕೇಬಲನ್ನು ಏನು ಮಾಡುವುದು ಅಂತಲೂ ಕೇಳುತ್ತಾರೆ. ಎಳೆ ಬಿಚ್ಚಿಕೊಂಡಿದ್ದರೆ ಟ್ರ್ಯಾಕ್ಟರ್ ಎಳೆಯಲು ಯಾರಿಗೂ ಕೊಡಬೇಡಿ, ದುಡ್ಡಿಗೂ ಬೇಡ, ಪುಕ್ಕಟೆಗೂ ಬೇಡ. ಒಂದೊಂದು ಮೀಟರಿನ ತುಂಡು ಮಾಡಿ ಗುಜರಿಗೆ ಹಾಕಿ.